ಐದು ಮನೆಗಿಂತ ಒಂದು ಕೂದಲು ಮೇಲೆ

ಮೊದಲ ಟೇಕ್ ಮುಗಿಸಿ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಹಾರ್ಮೋನಿಯಂ ಇತ್ತು. ಆದರೆ ಅದಕ್ಕಿಂತ ಮುಂದೆ ಬೇರೆ ಯಾರೋ ಕೂತಿದ್ದರು. ಊಂ ಅಂತ ಒಂದೇ ಸಮನೆ, ಜೇನುಗೂಡಿನ ಹತ್ತಿರ ಕಿವಿ ಇಟ್ಟ ಹಾಗೆ. ಮೈಕ್ ಕಿತ್ತೆ, ಸದ್ದು ಇತ್ತು. ವೈರ್ ಬದಲಿಸಿದೆ, ಇತ್ತು. ಫ್ರಿಜ್ ಆಫ್ ಮಾಡಿದೆ, ಟ್ಯೂಬ್‌ಲೈಟ್ ಆರಿಸಿದೆ, ಫ್ಯಾನ್ ನಿಲ್ಲಿಸಿದೆ, ಪಕ್ಕದ ಮನೆಯ ಮೋಟರ್ ನಿಲ್ಲುವ ತನಕ ಕಾದೆ. ಇತ್ತು. ಕತ್ತಲಲ್ಲಿ ಬೆವರುತ್ತಾ ಕೂತು ಆ ಸದ್ದನ್ನೇ ಕೇಳಿದ್ದು ನೆನಪಿದೆ. ಆಲ್ಬಂ ಮಾಡುತ್ತೇನೆ ಅಂತ ಹೊರಟ ಮೊದಲ ರಾತ್ರಿ ಅದು.

ನಾನು ಸಂಗೀತಗಾರ ಅಂತ ಹೇಳಿಕೊಂಡರೆ ನನ್ನ ಮೇಷ್ಟ್ರು ನಕ್ಕಾರು. ಚಿಕ್ಕವನಿದ್ದಾಗ ನಾಲ್ಕು ವರ್ಷ ಪಾಠಕ್ಕೆ ಹೋಗಿದ್ದೆ, ವರ್ಣ ದಾಟಲಿಲ್ಲ. ಹಗಲು ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ. ಲಗ್ನಪತ್ರಿಕೆ, ಬಿಲ್ ಬುಕ್, ಚುನಾವಣೆ ಬಂದರೆ ಕರಪತ್ರ. ರಾತ್ರಿ ಮಾತ್ರ ಸದ್ದು ಕೂಡಿಸುವ ಹುಚ್ಚು. ಹತ್ತು ವರ್ಷ ಕಂಪ್ಯೂಟರಿನಲ್ಲೇ ಮಾಡಿದೆ. ಒಂದೂ ಮುಗಿಯಲಿಲ್ಲ. ಅಲ್ಲಿ ಎಷ್ಟು ಟ್ರ್ಯಾಕ್, ಅಂದರೆ ಸದ್ದಿನ ಪದರ, ಬೇಕಾದರೂ ಹಾಕಬಹುದು, ಯಾವುದನ್ನು ಬೇಕಾದರೂ ಹಿಂದಕ್ಕೆ ತರಬಹುದು. ಹಾಗಾಗಿ ಏನನ್ನೂ ನಿರ್ಧರಿಸಬೇಕಾಗಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ "ಫೈನಲ್", "ಫೈನಲ್ 2", "ನಿಜವಾಗಲೂ ಫೈನಲ್" ಅನ್ನುವ ಹೆಸರಿನ ಫೈಲುಗಳು ಇನ್ನೂ ಇವೆ.

ಆಗ ಒಂದು ಹಳೆಯ ಟಾಸ್ಕಾಮ್ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರ್ ಸಿಕ್ಕಿತು. ಬೆಂಗಳೂರಿನಲ್ಲಿ ಒಬ್ಬರು ತೊಂಬತ್ತರ ದಶಕದಲ್ಲಿ ಜಾಹೀರಾತಿನ ಜಿಂಗಲ್ ಮಾಡುತ್ತಿದ್ದರಂತೆ, ಮನೆ ಖಾಲಿ ಮಾಡುವಾಗ 12,000 ರೂಪಾಯಿಗೆ ಕೊಟ್ಟರು. ಈ ಜಾತಿಯ ಯಂತ್ರದ ತಾತ 1979ರಲ್ಲಿ ಬಂತು, ಟಿಯಾಕ್ ಕಂಪನಿಯ 144. ಅದಕ್ಕೆ ಮೊದಲು ಒಬ್ಬನೇ ನಾಲ್ಕು ವಾದ್ಯ ನುಡಿಸಿ ಒಂದರ ಮೇಲೊಂದು ಕೂರಿಸಬೇಕಾದರೆ ದೊಡ್ಡ ಸುರುಳಿ ಟೇಪಿನ ಯಂತ್ರವೇ ಬೇಕಿತ್ತು. ಇದು ಬಂದಮೇಲೆ ಮಾಮೂಲಿ ಕ್ಯಾಸೆಟ್ಟೇ ಸಾಕಾಯಿತು. 1982ರ ಜನವರಿಯಲ್ಲಿ ಅಮೆರಿಕದ ಹಾಡುಗಾರ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಒಂದು ಬಾಡಿಗೆ ಮನೆಯ ಬೆಡ್‌ರೂಮಿನಲ್ಲಿ ಕೂತು ಇದರಲ್ಲೇ ಹಾಡುಗಳನ್ನು ಹಿಡಿದಿಟ್ಟ. ಅದು ಬರೀ ಮಾದರಿ, ತಂಡಕ್ಕೆ ಕೇಳಿಸಲಿಕ್ಕೆ. ಆಮೇಲೆ ತಂಡ ಸ್ಟುಡಿಯೋದಲ್ಲಿ ಎಷ್ಟು ನುಡಿಸಿದರೂ ಆ ರಾತ್ರಿಗಳ ಗುಣ ಬರಲಿಲ್ಲ. ಕೊನೆಗೆ ಡಬ್ಬಿ ಕೂಡ ಇಲ್ಲದೆ ಅವನ ಜೇಬಿನಲ್ಲಿ ಓಡಾಡಿದ್ದ ಆ ಕ್ಯಾಸೆಟ್ಟೇ ಆಲ್ಬಂ ಆಯಿತು. ಬಾಡಿಗೆ ಮನೆ ಅನ್ನುವ ಒಂದು ಪದ ಸಾಕಾಯಿತು ನನಗೆ. ನಾನೂ ಬಾಡಿಗೆ ಮನೆಯವನೇ ಅಲ್ವಾ.

ನನ್ನ ಯಂತ್ರ ಮಾತ್ರ ಓಡುತ್ತಿರಲಿಲ್ಲ. ಹಿಂಬದಿ ಬಿಚ್ಚಿದರೆ ಒಳಗಿನ ರಬ್ಬರ್ ಬೆಲ್ಟ್ ಕರಗಿ ಡಾಂಬರಿನ ಹಾಗೆ ಅಂಟಿಕೊಂಡಿತ್ತು. ವರ್ಷಗಟ್ಟಲೆ ಸುಮ್ನೆ ಇಟ್ಟರೆ ಹೀಗೇ ಆಗುತ್ತದೆ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಪಿಎ ಅಂತ ಕೇಳಿದರೆ ಸಣ್ಣ ಬಾಟಲಿಯಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಕೊಡುತ್ತಾರೆ. ಕಿವಿಗೆ ಹಾಕುವ ಹತ್ತಿಕಡ್ಡಿ ಅದ್ದಿ ಅದ್ದಿ ಎರಡು ಸಂಜೆ ಉಜ್ಜಿದೆ. ಹೊಸ ಬೆಲ್ಟ್ ಹಾಕಿದೆ. ಟೇಪನ್ನು ಓದುವ ಹೆಡ್ ಒರೆಸಿದರೆ ಕಡ್ಡಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಎಷ್ಟೋ ವರ್ಷದ ಟೇಪಿನ ಪುಡಿ, ಯಾರ್‍ಯಾರೋ ಮಾರಿದ ಸೋಪು, ಟೂತ್‌ಪೇಸ್ಟಿನ ಜಿಂಗಲ್ಲುಗಳು.

ಇಷ್ಟೆಲ್ಲ ಆದಮೇಲೆ ಬಂದದ್ದು ಆ ಊಂ.

ಇಂಗ್ಲಿಷಿನಲ್ಲಿ ಇದನ್ನು ಹಮ್ ಅನ್ನುತ್ತಾರೆ. ನನ್ನ ಬಾಯಲ್ಲಿ ಅದು ಹಮ್ಮು ಆಯಿತು, ಸರಿಯಾಗಿಯೇ ಆಯಿತು. ಹಮ್ಮು ಬಿಮ್ಮು ಎರಡೂ ಇದ್ದ ಸದ್ದು ಅದು. ಮನೆಗೆ ಬರುವ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ. ಎಲ್ಲೋ ಒಂದು ಕಡೆ ಅದು ಆಂಪ್ಲಿಫೈಯರಿನೊಳಗೆ ನುಸುಳಿದರೆ ಆ 50, ಅದರ ಎರಡರಷ್ಟು, ಮೂರರಷ್ಟು, ಎಲ್ಲ ಸೇರಿ ಸದ್ದಾಗುತ್ತದೆ. ಕರೆಂಟ್ ಹೋದರೆ ಹಮ್ಮು ಇಲ್ಲ. ಆದರೆ ಆಗ ರೆಕಾರ್ಡರೂ ಇಲ್ಲ.

ವೈರ್‌ಮನ್ ಒಬ್ಬರನ್ನು ಕರೆಸಿದೆ. ಅವರು ಗೋಡೆಯ ಸಾಕೆಟ್ ಬಿಚ್ಚಿ ತೋರಿಸಿದರು. ಮೂರು ತೂತು ಇತ್ತು. ಮೂರನೆಯದರ ಹಿಂದೆ ವೈರೇ ಇರಲಿಲ್ಲ. "ಅರ್ಥಿಂಗೇ ಇಲ್ಲ ಸಾರ್ ಈ ಮನೆಗೆ. ಇದು ಬರೀ ಶೋಕಿಗೆ" ಅಂದರು. ಅಗ್ರಹಾರದ ಪಕ್ಕದ ಬೀದಿಯ ಹಂಚಿನ ಮನೆ, ಎರಡು ಪೋರ್ಷನ್ ಮಾಡಿ ಬಾಡಿಗೆಗೆ ಕೊಟ್ಟಿದ್ದಾರೆ. ಓನರಿಗೆ ಫೋನ್ ಮಾಡಿದೆ. ದೀಪಾವಳಿ ಕಳೆಯಲಿ ಅಂದರು. ದೀಪಾವಳಿ ಕಳೆಯಿತು.

ಅಷ್ಟರಲ್ಲಿ ನಾನು ಕಂಪ್ಯೂಟರಿನಲ್ಲಿ ಹಮ್ಮು ತೆಗೆಯಲು ನೋಡಿದೆ. ಅಡಾಸಿಟಿ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಒಂದು ಉಪಾಯ ಇದೆ. ಬರೀ ಗಲಾಟೆ ಇರುವ ಒಂದು ತುಂಡನ್ನು ತೋರಿಸಿದರೆ ಅದು ಉಳಿದ ಕಡೆಯಿಂದಲೂ ಆ ಗಲಾಟೆ ಕಳೆಯುತ್ತದೆ. ಕಳೆಯಿತು. ಜೊತೆಗೆ ಹಾರ್ಮೋನಿಯಂನ ಉಸಿರೂ ಹೋಗಿ, ಬಾವಿಯೊಳಗೆ ಕೂತು ನುಡಿಸಿದ ಹಾಗೆ ಗುಳುಗುಳು ಅಂದಿತು. 50, 100, 150 ಅಂತ ಒಂದೊಂದೇ ಕತ್ತರಿಸಿದೆ. ಹಾರ್ಮೋನಿಯಂಗೆ ಹೊಟ್ಟೆಯೇ ಇಲ್ಲದ ಹಾಗಾಯಿತು. ಅಲ್ಲಿಗೆ ಬಿಟ್ಟೆ.

ಒಂದು ಭಾನುವಾರ ಎಲೆಕ್ಟ್ರಾನಿಕ್ ತಂಬೂರಿ ಹಚ್ಚಿ ಸುಮ್ನೆ ಕೂತಿದ್ದೆ. ಆಂಪ್ಲಿಫೈಯರ್ ಆನ್ ಇತ್ತು. ತಂಬೂರಿಯನ್ನು ಐದು ಮನೆ ಶ್ರುತಿಗೆ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಕೀಲಿಯ ಸ್ವರಕ್ಕೆ, ಇಟ್ಟಿದ್ದೆ, ಅಮ್ಮ ಹಾಡುತ್ತಿದ್ದದ್ದು ಹೆಚ್ಚುಕಡಿಮೆ ಅಲ್ಲೇ ಆದ್ದರಿಂದ ನನಗೆ ಅದು ರೂಢಿ. ಹಮ್ಮಿಗೂ ತಂಬೂರಿಗೂ ಜಗಳ ನಡೆಯುತ್ತಿತ್ತು, ಆದರೆ ಹತ್ತಿರದವರ ಜಗಳ. ತಂಬೂರಿಯ ಸಣ್ಣ ನಾಬ್ ತಿರುಗಿಸುತ್ತಾ ಹೋದೆ. ಐದು ದಾಟಿ ಒಂದು ಕೂದಲು ಮೇಲೆ ಹೋದದ್ದೇ ತಡ, ಜಗಳ ನಿಂತಿತು. ಕೋಣೆಯೇ ಶ್ರುತಿ ಸೇರಿತು.

ಲೆಕ್ಕ ಹಾಕಿ ನೋಡಿದೆ. ಹಾರ್ಮೋನಿಯಂನ ಐದನೇ ಬಿಳಿ ಮನೆಯನ್ನು ಕೆಳಗಿನ ಸ್ಥಾಯಿಗಳಿಗೆ ಇಳಿಸುತ್ತಾ ಹೋದರೆ ಸೆಕೆಂಡಿಗೆ 49 ಕಂಪನಕ್ಕೆ ಬರುತ್ತದೆ. ಕರೆಂಟು 50. ಅಂದರೆ ಐದಕ್ಕಿಂತ ಮೇಲೆ, ಐದೂವರೆಗೆ (ಅದರ ಮೇಲಿನ ಕಪ್ಪು ಮನೆಗೆ) ಹೋಗುವ ದಾರಿಯಲ್ಲಿ ಮೂರನೇ ಒಂದು ಭಾಗ. ದ್ವೀಪಗಳನ್ನು ಬಿಟ್ಟರೆ ಇಡೀ ದೇಶ ಒಂದೇ ಗ್ರಿಡ್ಡಿಗೆ ಜೋಡಿಸಿಕೊಂಡಿದೆ, ಅದನ್ನು 49.90ರಿಂದ 50.05ರ ಒಳಗೆ ಹಿಡಿದಿಡಬೇಕು ಅನ್ನುವುದು ನಿಯಮ. ಹಾಗಾಗಿ ಕಾಶ್ಮೀರದ ಫ್ರಿಜ್ಜೂ ನಂಜನಗೂಡಿನ ಫ್ರಿಜ್ಜೂ ಒಂದೇ ಶ್ರುತಿ. ಅಮೆರಿಕದಲ್ಲಿ 60, ಅಲ್ಲಿನ ಮನೆಗಳು ಆರೂವರೆಗೂ ಏಳಕ್ಕೂ ನಡುವೆ ಹಾಡುತ್ತವೆ. ಇದನ್ನೆಲ್ಲ ರಾತ್ರಿ ಹನ್ನೊಂದಕ್ಕೆ ಹೆಂಡತಿಗೆ ವಿವರಿಸಿದೆ. ಅವಳು, "ಹಾಗಾದರೆ ಓನರಿಗೆ ಫೋನ್ ಮಾಡೋದು ಬೇಡವಾ?" ಅಂತ ಮಾತ್ರ ಕೇಳಿದಳು.

ಬೇಡ ಅಂದೆ. ಎಂಟೂ ತುಣುಕುಗಳನ್ನು ಆ ಶ್ರುತಿಯಲ್ಲೇ ಮಾಡುವುದು ಅಂತ ಆಯಿತು.

ತಂಬೂರಿಗೆ ನಾಬ್ ಇದೆ, ಹಾರ್ಮೋನಿಯಂಗೆ ಇಲ್ಲ. ಅದರ ಹಿತ್ತಾಳೆ ನಾಲಿಗೆಗಳನ್ನು ಕೆರೆದು ಶ್ರುತಿ ಬದಲಿಸಬಹುದು, ನನ್ನ ಕೈಗೆ ಆ ಕೆಲಸ ಕೊಡಬಾರದು. ಇಲ್ಲಿ ಟೇಪು ಕೈ ಹಿಡಿಯಿತು. ರೆಕಾರ್ಡರಿನಲ್ಲಿ ಪಿಚ್ ಅನ್ನುವ ನಾಬ್ ಇದೆ, ಟೇಪ್ ಓಡುವ ವೇಗ ಹೆಚ್ಚು ಕಡಿಮೆ ಮಾಡಲಿಕ್ಕೆ. ಮೊದಲ ಟ್ರ್ಯಾಕಿನಲ್ಲಿ ಬರೀ ಹಮ್ಮು ಹಿಡಿದೆ. ಆಮೇಲೆ ಟೇಪನ್ನು ನೂರಕ್ಕೆ ಎರಡರಷ್ಟು ನಿಧಾನ ಮಾಡಿದೆ. ಹೆಡ್‌ಫೋನಿನಲ್ಲಿ ಹಮ್ಮು ಇಳಿದು ಇಳಿದು ಹಾರ್ಮೋನಿಯಂನ ಐದಕ್ಕೆ ಬಂದು ಕೂತಿತು. ಅದರ ಜೊತೆ ನುಡಿಸಿ ಎರಡನೇ ಟ್ರ್ಯಾಕಿಗೆ ತುಂಬಿದೆ. ಮತ್ತೆ ವೇಗ ಮೊದಲಿನಂತೆ ಮಾಡಿದರೆ ಎರಡೂ ಒಟ್ಟಿಗೆ ಮೇಲಕ್ಕೆ ಎದ್ದವು.

ಆದರೆ ಕೇಳಿದರೆ ಇನ್ನೊಂದು ಏನೋ ಇತ್ತು. ಸದ್ದು ನಿಂತ ನೀರಿನ ಹಾಗೆ ಇರಲಿಲ್ಲ. ಸೆಕೆಂಡಿಗೆ ಒಂದು ಸಲ ಏರಿ ಇಳಿಯುತ್ತಿತ್ತು, ಯಾರೋ ಮಲಗಿ ಉಸಿರಾಡಿದ ಹಾಗೆ. ಹಾರ್ಮೋನಿಯಂ ತಿದಿ ಸೋರುತ್ತಿದೆ ಅಂದುಕೊಂಡೆ. ಬೆಲ್ಟ್ ಜಾರುತ್ತಿದೆ ಅಂದುಕೊಂಡೆ. ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಐದನೇ ದಿನ, ಪ್ರೆಸ್ಸಿನಲ್ಲಿ ಯಾರದೋ ಗೃಹಪ್ರವೇಶದ ಕಾರ್ಡಿನ ಪ್ರೂಫ್ ನೋಡುವಾಗ ಹೊಳೆಯಿತು. ನಾನು ಹಾರ್ಮೋನಿಯಂ ತುಂಬುವಾಗ ಮನೆಯ ಹಮ್ಮು ಸುಮ್ಮನಿರಲಿಲ್ಲವಲ್ಲ! ಅದೂ ನಿಧಾನದ ಟೇಪಿನ ಮೇಲೆ ಬಿದ್ದಿತ್ತು. ಟೇಪ್ ವೇಗ ಮೇಲೆತ್ತಿದಾಗ ಅದು 51 ಆಯಿತು. ಮೊದಲ ಟ್ರ್ಯಾಕಿನದು 50. ಎರಡೂ ಸೇರಿದರೆ ಸೆಕೆಂಡಿಗೆ ಒಂದು ಅಲೆ. ತಂಬೂರಿಗೆ ಜೀವಾಳದ ದಾರ ಸರಿಯಾಗಿ ಕೂತಾಗ ಸ್ವರ ಅರಳುತ್ತದಲ್ಲ, ಆ ಥರದ್ದೊಂದು ಕೆಲಸವನ್ನು ವೈರಿಂಗ್ ಸರಿ ಇಲ್ಲದ ಮನೆ ಮಾಡಿಕೊಟ್ಟಿತ್ತು. ಆಲ್ಬಂನ ಮೊದಲ ತುಣುಕು ಇದೇ. ನಾಲ್ಕು ನಿಮಿಷ, ಒಂದೇ ಸ್ವರ, ಆ ಉಸಿರು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಲೋ-ಫೈ, ಅಂದರೆ ಹೀಗೆ ಒರಟು ಸದ್ದಿನ ರೆಕಾರ್ಡಿಂಗ್, ಅದಕ್ಕೆ ಈಗ ಬೇರೆ ಅರ್ಥ ಬಂದುಬಿಟ್ಟಿದೆ. ಓದುವಾಗ ಹಾಕಿಕೊಳ್ಳುವ ಮೆತ್ತನೆ ತಾಳ, ಅದರ ಮೇಲೆ ಕಂಪ್ಯೂಟರಿನಿಂದ ಸುರಿಸಿದ ಚಟಪಟ ಸದ್ದು, ಒಂದಿಷ್ಟು ಮಳೆ. ಕೇಳಲು ಹಿತವಾಗಿರುತ್ತದೆ, ನಾನೂ ಕೆಲಸ ಮಾಡುವಾಗ ಹಾಕುತ್ತೇನೆ. ಆದರೆ ಅದು ಹೊಸ ಪಂಚೆಗೆ ಬೇಕಂತಲೇ ಅಡಿಕೆ ಕಲೆ ಹಾಕಿದ ಹಾಗೆ. ನನ್ನದು ಶುದ್ಧ, ಅವರದು ಮೋಸ ಅಂತ ಅಲ್ಲ. ಅಲ್ಲಿ ಕೊಳೆ ಆಯ್ಕೆ, ಇಲ್ಲಿ ಕೊಳೆ ಬಾಡಿಗೆ ಕರಾರಿನಲ್ಲೇ ಇತ್ತು. ಅದರ ಜೊತೆ ಏಗಬೇಕಿತ್ತು, ಅಷ್ಟೇ. ಮೈಸೂರಿಗೆ ಈ ಏಗಾಟ ಹೊಸದೂ ಅಲ್ಲ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ 30 ವಾಟಿನ ಪುಟ್ಟ ಟ್ರಾನ್ಸ್‌ಮೀಟರ್ ಇಟ್ಟುಕೊಂಡು ಊರಿಗೆ ರೇಡಿಯೋ ಕೇಳಿಸಿದವರು. ಆಕಾಶವಾಣಿ ಅನ್ನುವ ಹೆಸರಿನ ಬೇರು ಆ ಮನೆಯಲ್ಲಿದೆ. 30 ವಾಟ್ ಅಂದರೆ ಹಳೆಯ ಟ್ಯೂಬ್‌ಲೈಟಿಗೂ ಕಮ್ಮಿ. ಓನರಿಗೆ ಫೋನ್ ಮಾಡಿ ಸೋತಾಗಲೆಲ್ಲ ಆ ಮನೆಯನ್ನು ನೆನೆಯುತ್ತಿದ್ದೆ.

ನಾಲ್ಕು ಟ್ರ್ಯಾಕ್ ಅಂದರೆ ನಾಲ್ಕೇ. ಐದನೆಯದು ಬೇಕಾದರೆ ಮೊದಲ ಮೂರನ್ನು ಕಲಸಿ ನಾಲ್ಕನೆಯದಕ್ಕೆ ಇಳಿಸಬೇಕು, ಆಗ ಆ ಮೂರು ಖಾಲಿಯಾಗುತ್ತವೆ. ಕಲಸಿದ ಮೇಲೆ ಬಿಡಿಸಲಾಗದು. ಅನ್ನಕ್ಕೆ ಸಾರು ಹಾಕಿದ ಮೇಲೆ ಹೇಗೋ ಹಾಗೆ. ಪ್ರತಿ ಸಲ ಇಳಿಸುವಾಗಲೂ ಟೇಪಿನ ಸುಯ್ ಅನ್ನುವ ಸದ್ದು ಒಂದು ಪದರ ದಪ್ಪವಾಗುತ್ತದೆ. ಮೂರನೇ ತುಣುಕಿನಲ್ಲಿ ನಾನು ಹಾರ್ಮೋನಿಯಂ ಕಮ್ಮಿ ಇಟ್ಟು ಕಲಸಿಬಿಟ್ಟೆ. ಇವತ್ತಿಗೂ ಅದು ಅಲ್ಲಿ ಗೋಡೆಯ ಆಚೆ ನುಡಿಸಿದ ಹಾಗೆ ಕೇಳುತ್ತದೆ. ಕೇಳಿದವರು, "ಆ ದೂರದ ಸದ್ದು ಚೆನ್ನಾಗಿದೆ, ಬೇಕಂತ ಮಾಡಿದ್ರಾ?" ಅಂದರೆ ಹೂಂ ಅನ್ನುತ್ತೇನೆ.

ಇನ್ನೊಂದು ತಪ್ಪಿಗೆ ಹೂಂ ಅನ್ನಲೂ ಆಗುವುದಿಲ್ಲ. ಮಾಘ ಮಾಸದ ಒಂದು ರಾತ್ರಿ, ಎರಡು ಗಂಟೆಯ ಹೊತ್ತಿಗೆ, ಬುಲ್‌ಬುಲ್ ತರಂಗ್ ನುಡಿಸಿದ್ದೆ. ಅಜ್ಜನ ಕಾಲದ್ದು, ಅರ್ಧ ಕೀಲಿ ಒತ್ತಿದರೆ ಮೇಲೆ ಬರುವುದಿಲ್ಲ. ಅವತ್ತು ಅದು ಯಾಕೋ ನನ್ನ ಮಾತು ಕೇಳಿತು. ಏಳು ನಿಮಿಷ ತಡೆಯಿಲ್ಲದೆ ಬಂತು. ಕಣ್ಣಲ್ಲಿ ನೀರು ಬಂದಿತ್ತು ಅಂದರೆ ನಾಟಕ ಅನ್ನಿಸೀತು, ಆದರೆ ಬಂದಿತ್ತು. ಅದರ ಮೇಲೆ ತಂಬೂರಿ ಒಂದು ಪದರ ಹಾಕಿ ಮಲಗೋಣ ಅಂದುಕೊಂಡೆ. ನಾಲ್ಕನೇ ಟ್ರ್ಯಾಕಿನ ಬಟನ್ ಒತ್ತಬೇಕಿತ್ತು. ಮೂರನೆಯದನ್ನು ಒತ್ತಿದ್ದೆ. ತಂಬೂರಿ ಹಚ್ಚಿ ಕಣ್ಣುಮುಚ್ಚಿ ಏಳೂ ನಿಮಿಷ ಕೂತಿದ್ದೆ. ಹೆಡ್‌ಫೋನಿನಲ್ಲಿ ಬುಲ್‌ಬುಲ್ ಕೇಳುತ್ತಿಲ್ಲ ಅಂತ ಗೊತ್ತಾಗಲಿಲ್ಲವಾ ಅಂದರೆ, ಗೊತ್ತಾಯಿತು. ವಾಲ್ಯೂಮ್ ಇಳಿಸಿದ್ದೇನೆ ಅಂದುಕೊಂಡೆ. ಹಿಂದಕ್ಕೆ ಸುತ್ತಿ ಕೇಳಿದರೆ ಬರೀ ತಂಬೂರಿ. ಕಂಪ್ಯೂಟರಿನಲ್ಲಾದರೆ ಒಂದು ಕೀಲಿ ಒತ್ತಿದರೆ ವಾಪಸ್ ಬರುತ್ತಿತ್ತು. ಬೆಳಗಿನ ಜಾವ ಹಾಲಿನವನು ಬರುವ ತನಕ ಮೆಟ್ಟಿಲ ಮೇಲೆ ಕೂತಿದ್ದೆ. ಆಮೇಲೆ ಇಪ್ಪತ್ತು ಸಲವಾದರೂ ಪ್ರಯತ್ನಪಟ್ಟಿದ್ದೇನೆ, ಅದು ಮತ್ತೆ ಬರಲಿಲ್ಲ. ಆಲ್ಬಂನಲ್ಲಿ ಐದನೇ ತುಣುಕಾಗಿ ಇರುವುದು ಆ ಒಂಟಿ ತಂಬೂರಿಯೇ. ಅದಕ್ಕೆ ಹೆಸರಿಟ್ಟಿಲ್ಲ.

ನಾಲ್ಕು ಮುಗಿದು ಐದನೆಯದು ಹೀಗಾದ ವಾರದಲ್ಲೇ, ಪಕ್ಕದ ಪೋರ್ಷನ್ನಿನವರಿಗೆ ಗೀಸರಿನ ನಲ್ಲಿ ಮುಟ್ಟಿ ಶಾಕ್ ಹೊಡೆಯಿತು. ದೊಡ್ಡದೇನೂ ಅಲ್ಲ, ಆದರೆ ಅವರ ಮನೆಯಲ್ಲಿ ಮಗು ಇತ್ತು. ಈ ಸಲ ಓನರ್ ಮರುದಿನವೇ ವೈರ್‌ಮನ್ ಕಳಿಸಿದರು. ಹಿತ್ತಿಲಲ್ಲಿ ಆಳಕ್ಕೆ ಗುಂಡಿ ತೆಗೆದು, ಜಿಐ ಪೈಪು ನಿಲ್ಲಿಸಿ, ಸುತ್ತಲೂ ಇದ್ದಿಲು, ಉಪ್ಪು, ಇದ್ದಿಲು, ಉಪ್ಪು ಅಂತ ಪದರ ಪದರ ತುಂಬಿ ನೀರು ಹೊಯ್ದರು. ಎಲ್ಲ ಸಾಕೆಟ್ಟಿಗೂ ಹಸಿರು ವೈರು ಎಳೆದರು. ಸಂಜೆ ಬಂದು ಆಂಪ್ಲಿಫೈಯರ್ ಹಾಕಿದೆ.

ನಿಶ್ಶಬ್ದ.

ಆರು ತಿಂಗಳ ಹಿಂದೆ ಈ ನಿಶ್ಶಬ್ದಕ್ಕಾಗಿ ಹರಕೆ ಹೊರಲೂ ತಯಾರಿದ್ದೆ. ಈಗ ಅರ್ಧ ಆಲ್ಬಂ ಹಮ್ಮಿನ ಮೇಲೆ ಕಟ್ಟಿ, ಉಳಿದರ್ಧಕ್ಕೆ ಹಮ್ಮೇ ಇಲ್ಲ. ವೈರ್‌ಮನ್ ಬಾಗಿಲಲ್ಲಿ ನಿಂತು, "ಈಗ ಹೆಂಗೆ ಸಾರ್?" ಅಂದರು. ಚೆನ್ನಾಗಿದೆ ಅಂದೆ. ಮತ್ತೇನು ಹೇಳಲಿ?

ಹಳೆಯ ಟೇಪಿನಲ್ಲಿ ಬರೀ ಹಮ್ಮು ಇದ್ದ ಜಾಗಗಳು ಬೇಕಾದಷ್ಟಿದ್ದವು. ಒಂದನ್ನು ಕಂಪ್ಯೂಟರಿಗೆ ತಂದು ಸುತ್ತು ಹಾಕಿಸಿದೆ. ಸತ್ತ ಹಾಗಿತ್ತು. ಪ್ರತಿ ಸುತ್ತೂ ಅಚ್ಚು ಹಾಕಿದಂತೆ ಒಂದೇ. ಆಗ ಟೇಪ್ ಲೂಪ್, ಅಂದರೆ ತುದಿಗೆ ತುದಿ ಅಂಟಿಸಿ ಸುತ್ತುತ್ತಲೇ ಇರುವ ಟೇಪಿನ ತುಂಡು, ಮಾಡೋಣ ಅಂದುಕೊಂಡೆ. ಕ್ಯಾಸೆಟ್ಟಿನಲ್ಲಿ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಚಿಪ್ಪಿನೊಳಗಿನ ಚಕ್ರಗಳನ್ನು ಸುತ್ತಿ ಬರಲು ಸುಮಾರು 24 ಸೆಂಟಿಮೀಟರ್ ಬೇಕು. ಅಂದರೆ ಒಂದು ಗೇಣು ಟೇಪು, ಐದು ಸೆಕೆಂಡು. ಮೂಲ ಟೇಪನ್ನು ಕತ್ತರಿಸುವಷ್ಟು ಧೈರ್ಯ ಇರಲಿಲ್ಲ. ಹಮ್ಮನ್ನು ಬೇರೆ ಕ್ಯಾಸೆಟ್ಟಿಗೆ ನಕಲು ಮಾಡಿ, ಅದರಲ್ಲಿ ಒಂದು ಗೇಣು ಕತ್ತರಿಸಿದೆ. ಇದಕ್ಕೆ ಸ್ಕ್ರೂ ಇರುವ ಚಿಪ್ಪೇ ಬೇಕು, ಅಂಟಿಸಿದ ಚಿಪ್ಪಾದರೆ ಬಿಚ್ಚುವಾಗಲೇ ಒಡೆಯುತ್ತದೆ. ಎರಡು ಒಡೆದೆ.

ತುದಿಗಳನ್ನು ನೇರ ಕತ್ತರಿಸಿದರೆ ಜೋಡಣೆಯಲ್ಲಿ ಟಕ್ ಅನ್ನುತ್ತದೆ, ಓರೆಯಾಗಿ ಕತ್ತರಿಸಬೇಕು. ಪ್ರೆಸ್ಸಿನ ಬ್ಲೇಡು, ಪ್ರೆಸ್ಸಿನ ಸ್ಕೇಲು, ಪ್ರೆಸ್ಸಿನ ಗಾಜಿನ ಮೇಜು. ಆ ಮಟ್ಟಿಗೆ ನನ್ನ ಕೈ ಪಳಗಿದೆ. ಆದರೆ ಅಂಟಿಸಿದ್ದು ಮಾಮೂಲಿ ಸೆಲ್ಲೋಟೇಪಿನಲ್ಲಿ. ಮನೆಯ ಟೂ ಇನ್ ಒನ್‌ನಲ್ಲಿ ಹಾಕಿ ಅರ್ಧ ಗಂಟೆ ಓಡಿಸುವಷ್ಟರಲ್ಲಿ ಅಂಟು ಬದಿಗೆ ಒಸರಿ ಹೆಡ್ಡಿಗೆ ಮೆತ್ತಿಕೊಂಡಿತು. ಹಮ್ಮು ಮಂಕಾಗುತ್ತಾ ಮಂಕಾಗುತ್ತಾ ಕಂಬಳಿ ಹೊದ್ದ ಹಾಗಾಯಿತು. ಜೊತೆಗೆ ಟೇಪಿನ ಕಂದು ಪುಡಿ ಉದುರುತ್ತಿತ್ತು. ಅಮೆರಿಕದ ಸಂಗೀತಗಾರ ವಿಲಿಯಂ ಬ್ಯಾಸಿನ್‌ಸ್ಕಿ ಅನ್ನುವವರು 2001ರಲ್ಲಿ ತಮ್ಮ ಹಳೆಯ ಟೇಪ್ ಲೂಪುಗಳನ್ನು ಡಿಜಿಟಲ್ಲಿಗೆ ಇಳಿಸುವಾಗ ಹೀಗೇ ಪುಡಿ ಉದುರಿ, ಸುತ್ತಿನಿಂದ ಸುತ್ತಿಗೆ ಸಂಗೀತ ಸವೆದು ಹೋಯಿತು. ಅವರು ಯಂತ್ರ ನಿಲ್ಲಿಸಲಿಲ್ಲ. ಅದನ್ನು ಓದಿದ್ದರಿಂದಲೋ ಏನೋ, ನಾನೂ ನಿಲ್ಲಿಸಲಿಲ್ಲ. ಆರನೇ ತುಣುಕಿನಲ್ಲಿ ಕೇಳುವುದು ಆ ಅರ್ಧ ಗಂಟೆಯ ಕೊನೆಯ ಆರು ನಿಮಿಷ. ಐದು ಸೆಕೆಂಡಿಗೊಮ್ಮೆ ಜೋಡಣೆ ದಾಟುವಾಗ ಸಣ್ಣ ತಡವರಿಕೆ. ಅದನ್ನೇ ತಾಳ ಅಂತ ಹಿಡಿದು ಹಾರ್ಮೋನಿಯಂ ನುಡಿಸಿದೆ.

ಏಳನೆಯದು ಅಮ್ಮನದು. ನಮ್ಮ ಮನೆಯಲ್ಲಿ ಒಂದು ಕ್ಯಾಸೆಟ್ ಇತ್ತು, ಅಮ್ಮ ಹಸೆಹಾಡು, ಆರತಿ ಹಾಡು ಹೇಳಿದ್ದು. ಚಿಕ್ಕಮ್ಮನ ಮದುವೆಗೆ ಮೊದಲು ಮರೆಯಬಾರದು ಅಂತ ಹಿಡಿದಿಟ್ಟದ್ದು, ಎರಡೂ ಬದಿ ತುಂಬಿತ್ತು. ಅದನ್ನು ನಾಲ್ಕು ಟ್ರ್ಯಾಕಿನ ಯಂತ್ರಕ್ಕೆ ಹಾಕಿದಾಗ ಆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಮಾಮೂಲಿ ಕ್ಯಾಸೆಟ್ಟಿನಲ್ಲಿ ಎ ಬದಿ ಅರ್ಧ ಅಗಲದಲ್ಲಿ ಒಂದು ದಿಕ್ಕಿಗೆ, ಬಿ ಬದಿ ಉಳಿದರ್ಧದಲ್ಲಿ ಎದುರು ದಿಕ್ಕಿಗೆ ಇರುತ್ತದೆ. ನಾಲ್ಕು ಟ್ರ್ಯಾಕಿನದು ಪೂರಾ ಅಗಲವನ್ನೂ ಒಂದೇ ದಿಕ್ಕಿಗೆ ಓದುತ್ತದೆ. ಹಾಗಾಗಿ ಒಂದು ಕಿವಿಯಲ್ಲಿ ಅಮ್ಮ ಹಸೆಗೆ ಕರೆಯುತ್ತಿದ್ದರು, ಇನ್ನೊಂದರಲ್ಲಿ ಅದೇ ಅಮ್ಮ ಯಾವುದೋ ಗೊತ್ತಿಲ್ಲದ ಭಾಷೆಯಲ್ಲಿ, ಪ್ರತಿ ಪದವನ್ನೂ ಒಳಗೆ ಎಳೆದುಕೊಳ್ಳುತ್ತಾ, ಆರತಿಯನ್ನು ಹಿಂದುಮುಂದಾಗಿ ಹಾಡುತ್ತಿದ್ದರು.

ಅಮ್ಮ ಅವತ್ತು ಹಾಡಿದ್ದು ಐದೂವರೆಗೆ. ಪಿಚ್ ನಾಬ್ ಹಿಂದಕ್ಕೆ ತಿರುಗಿಸಿ ಹಮ್ಮಿನ ಶ್ರುತಿಗೆ ಇಳಿಸಿದೆ. ದನಿ ದಪ್ಪವಾಯಿತು, ಸ್ವಲ್ಪ ದಣಿಯಿತು. ಮೂವತ್ತು ವರ್ಷದ ಹಿಂದಿನ ಅಮ್ಮ ಈಗಿನ ಅಮ್ಮನ ಹತ್ತಿರಕ್ಕೆ ಬಂದರು. ಅದನ್ನು ಲ್ಯಾಪ್‌ಟಾಪಿಗೆ ತುಂಬಿ, ಅಲ್ಲಿಂದ ಆಲ್ಬಂನ ಟೇಪಿಗೆ ಇಳಿಸಿದೆ. ಪೂರಾ ಟೇಪಿನಲ್ಲೇ ಮಾಡಿದೆ ಅಂತ ಕೊಚ್ಚಿಕೊಳ್ಳಲು ಇದರಿಂದ ಕಲ್ಲು ಬಿತ್ತು. ಬೀಳಲಿ.

ಊರಿಗೆ ಹೋದಾಗ ಅಮ್ಮನಿಗೆ ಕೇಳಿಸಿದೆ. ಸ್ವಲ್ಪ ಹೊತ್ತು ಕೇಳಿ, "ಇದೇನೋ, ದೆವ್ವ ಮೆಟ್ಟಿದ ಹಾಗೆ ಹಾಡ್ತಾ ಇದೀನಿ?" ಅಂದರು.

"ಅದು ಹಿಂದಿನಿಂದ ಮುಂದಕ್ಕೆ ಕಣಮ್ಮಾ."

"ಮುಂದಿನಿಂದ ಹಿಂದಕ್ಕೆ ಹಾಕು ಮತ್ತೆ. ಸರಿಯಾಗಿರೋದನ್ನ ಯಾಕೆ ಕೆಡಿಸ್ತೀಯಾ?" ಅಂದು ಎದ್ದು ಒಳಗೆ ಹೋದರು. ಆಮೇಲೆ ಊಟಕ್ಕೆ ಕೂತಾಗ, "ಆ ಎರಡನೇ ನುಡಿ ನಂಗೆ ಮರೆತೇ ಹೋಗಿತ್ತು, ಇನ್ನೊಂದ್ಸಲ ಹಾಕು, ಬರ್ಕೋತೀನಿ" ಅಂದರು. ಹಾಕಿದೆ, ಸರಿಯಾದ ದಿಕ್ಕಿನಲ್ಲಿ.

ಎಂಟನೆಯ ತುಣುಕಿನ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಅದು ಒಂದೇ ರಾತ್ರಿಯಲ್ಲಿ ಆಯಿತು. ಒಟ್ಟು 31 ನಿಮಿಷ, ಹದಿನಾಲ್ಕು ತಿಂಗಳು.

25 ಕ್ಯಾಸೆಟ್ ಮಾಡೋಣ ಅಂದುಕೊಂಡೆ. ಹೊಸ ಖಾಲಿ ಕ್ಯಾಸೆಟ್ ದುಬಾರಿ. ಗುಜರಿ ಅಂಗಡಿಯಲ್ಲಿ ಒಂದು ಚೀಲ ಪ್ರವಚನದ ಕ್ಯಾಸೆಟ್ ಸಿಕ್ಕಿತು. ಮೇಲಿನ ಅಂಚಿನ ಕಿವಿ ಮುರಿದಿದ್ದರೆ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ, ಆ ತೂತಿಗೆ ಟೇಪ್ ಅಂಟಿಸಿದರೆ ಆಯಿತು. ಒಂದೊಂದನ್ನೂ 31 ನಿಮಿಷ ಪೂರ್ತಿ ಓಡಿಸಿಯೇ ನಕಲು ಮಾಡಬೇಕು. 25 ಅಂದರೆ ಸುಮಾರು ಹದಿಮೂರು ಗಂಟೆ. ಅಮೆರಿಕದ ಹಾಡುಗಾರ ಡೇನಿಯಲ್ ಜಾನ್‌ಸ್ಟನ್ ಶುರುವಿನಲ್ಲಿ ನಕಲು ಮಾಡುವ ಯಂತ್ರ ಇಲ್ಲದೆ, ಯಾರಾದರೂ ಕ್ಯಾಸೆಟ್ ಕೇಳಿದರೆ ಎಲ್ಲ ಹಾಡನ್ನೂ ಹೊಸದಾಗಿ ಹಾಡಿ ತುಂಬಿ ಕೊಡುತ್ತಿದ್ದ. ಅದರ ಮುಂದೆ ನನ್ನದೇನೂ ಕಷ್ಟವಲ್ಲ ಅಂತ ಸಮಾಧಾನ ಮಾಡಿಕೊಂಡೆ. ಆದರೂ ಹತ್ತನೆಯದರ ಹೊತ್ತಿಗೆ ನನ್ನ ಆಲ್ಬಂ ನನಗೇ ಸಾಕಾಗಿತ್ತು. ನನ್ನ ಡೆಕ್ಕಿನ ಅಳಿಸುವ ಹೆಡ್ ಅಷ್ಟು ಗಟ್ಟಿ ಇಲ್ಲ. ಒಂದೆರಡು ಪ್ರತಿಗಳಲ್ಲಿ, ಒಂಟಿ ತಂಬೂರಿಯ ತುಣುಕಿನ ಹಿಂದೆ, ಕಿವಿಗೊಟ್ಟು ಕೇಳಿದರೆ ಪ್ರವಚನಕಾರರು ಇನ್ನೂ ಏನೋ ಬುದ್ಧಿ ಹೇಳುತ್ತಿದ್ದಾರೆ. ಅವನ್ನು ಮಾರಲಿಲ್ಲ. ಒಂದು ನನ್ನ ಹತ್ತಿರ ಇದೆ.

ಹೊದಿಕೆ ಕಾಗದ ಪ್ರೆಸ್ಸಿನಲ್ಲಿ ಉಳಿದ ಲಗ್ನಪತ್ರಿಕೆಯ ದಪ್ಪ ಕಾರ್ಡು. ಕ್ಯಾಸೆಟ್ ಡಬ್ಬಿಯ ಅಳತೆಗೆ ಕತ್ತರಿಸಿದರೆ ಕೆಲವಕ್ಕೆ ಗಣಪತಿಯ ಸೊಂಡಿಲು ಬಂತು, ಕೆಲವಕ್ಕೆ ಬರೀ ಬಂಗಾರದ ಅಂಚು. ಒಂದರಲ್ಲಿ "ತಮ್ಮ ಆಗಮನವನ್ನು" ಅಂತ ಉಬ್ಬಚ್ಚು ಇದೆ. ನೆಟ್ಟಿನಲ್ಲೂ ಮಾರಾಟಕ್ಕೆ ಹಾಕಿದೆ. ಅಲ್ಲಿ ಡಾಲರಿನ ಲೆಕ್ಕ. ಜರ್ಮನಿಯಿಂದ ಒಬ್ಬರು ಮೊದಲ ದಿನವೇ ಕೊಂಡರು, ಯಾರೋ ಏನೋ. ಹುಬ್ಬಳ್ಳಿಯ ಗೆಳೆಯ ಮೂರು ಸಲ ಪ್ರಯತ್ನಪಟ್ಟು, ಅವನ ದುಡ್ಡು ನನಗೆ ತಲುಪದೆ, ಕೊನೆಗೆ ಯುಪಿಐನಲ್ಲಿ 200 ರೂಪಾಯಿ ಕಳಿಸಿ, "ವಾಟ್ಸ್ಆ್ಯಪಿನಾಗ ಹಾಕಪಾ" ಅಂದ. ಎಂಟು ಫೈಲು ವಾಟ್ಸ್ಆ್ಯಪಿನಲ್ಲಿ ಹೋದವು. ಅದಕ್ಕಿಂತ ಲೋ-ಫೈ ಬೇಕಾ?

ನೆಂಟರಿಷ್ಟರು ಕೇಳಿದ್ದು ಒಂದೇ ಪ್ರಶ್ನೆ, "ಹಾಡು ಯಾವಾಗ ಶುರುವಾಗುತ್ತೆ?"

ಮೊನ್ನೆ ಓನರ್ ಕಡೆಯಿಂದ ಮೋಟರ್ ನೋಡಲು ಅದೇ ವೈರ್‌ಮನ್ ಬಂದಿದ್ದರು. ಕಾಫಿ ಕೊಟ್ಟು, ಅವರ ಪಾತ್ರವೂ ಇದೆಯಲ್ಲ ಅಂತ, ಟೂ ಇನ್ ಒನ್‌ನಲ್ಲಿ ಮೊದಲ ತುಣುಕು ಹಾಕಿದೆ. ಲೋಟ ಹಿಡಿದುಕೊಂಡು ನಿಂತೇ ಕೇಳಿದರು. ತಲೆ ಒಂದು ಬದಿಗೆ ವಾಲಿಸಿಕೊಂಡು, ನಾಲ್ಕು ನಿಮಿಷವೂ ಕೇಳಿದರು. ಹಾಡು ಎಲ್ಲಿ ಅಂತ ಕೇಳಲಿಲ್ಲ.

"ಸಾರ್, ಇದು ಅರ್ಥಿಂಗ್ ಇಲ್ಲದ್ದಕ್ಕೆ ಬಂದ ಸದ್ದಲ್ಲ" ಅಂದರು.

"ಮತ್ತೆ?"

"ನ್ಯೂಟ್ರಲ್ ಲೂಸ್ ಇದ್ರೆ ಹಿಂಗೆ ಬರೋದು. ಅವತ್ತು ಮೀಟರ್ ಬೋರ್ಡಲ್ಲಿ ಅದನ್ನೂ ಟೈಟ್ ಮಾಡಿದ್ದೆ, ನಿಮಗೆ ಹೇಳಿರಲಿಲ್ಲ." ಕಾಫಿ ಮುಗಿಸಿ ಲೋಟ ಕೆಳಗಿಟ್ಟು, ಸ್ವಲ್ಪ ಯೋಚನೆ ಮಾಡಿ, "ಹಿಂದುಗಡೆ ಏನಿದೆ, ಅದನ್ನೂ ಹಾಕಿ" ಅಂದರು.